ಘಟ್ಟದ ಮೇಲಣ ವಿದ್ಯಾರ್ಥಿನಿ

ಕುಂದಾಪುರದ ಕಡೆಯಿಂದ ಸಿದ್ದಾಪುರ, ಹೊಸಂಗಡಿಗಳನ್ನು ಹಾದು, ಬಾಳೆಬರೆ ಘಟ್ಟದ ತಿರುವುಗಳನ್ನು ಒಂದೊಂದಾಗಿ ಏರಿ ಬರುವ ಪ್ರಯಾಣಿಕನಿಗೆ ಮಲೆನಾಡು ಮೊತ್ತಮೊದಲು ಎದುರಾಗುವ ನೆಲೆ ಹುಲಿಕಲ್. ಆಡಳಿತದ ಲೆಕ್ಕದಲ್ಲಿ ಹೊಸನಗರ ತಾಲ್ಲೂಕಿಗೆ ಸೇರಿ, ತೀರ್ಥಹಳ್ಳಿ ಸಾಗರಗಳ ಮಲೆಸೀಮೆಯೊಡನೆ ಕಾಡನ್ನೂ ಕಣಿವೆಯನ್ನೂ ಮೋಡವನ್ನೂ ಹಂಚಿಕೊಂಡಿರುವ ಈ ಪ್ರದೇಶವು, ಒಂದು ವರ್ಷದಲ್ಲಿ ಏಳು ಸಾವಿರ ಮಿಲಿಮೀಟರಿಗೂ ಮೀರಿದ ಮಳೆಯನ್ನು ಹಲವು ಬಾರಿ ಕಂಡು, ಬಹುಕಾಲ ಆಗುಂಬೆಗೇ ಸಲ್ಲುತ್ತಿದ್ದ ಪ್ರಸಿದ್ಧಿಯನ್ನು ಕೆಲವು ವರ್ಷಗಳಲ್ಲಿ ತನ್ನದಾಗಿಸಿಕೊಂಡಿರುವುದು ಮಳೆಯ ಅಂಕಿಗಳನ್ನು ಗಮನಿಸುವವರಿಗೆಲ್ಲ ತಿಳಿದ ಸಂಗತಿ. ಇಂತಹ ಊರಿನಲ್ಲಿ, ಹಗಲೆಲ್ಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಸಂಜೆಗೆ ಮನೆ ಸೇರುವ ಶಿಕ್ಷಕಿಯೊಬ್ಬಳು, ಶೈಕ್ಷಣಿಕ ತಂತ್ರಜ್ಞಾನವೆಂಬ ಶಾಸ್ತ್ರದಲ್ಲಿ ಅಂತರ್ಜಾಲದ ಮೂಲಕವೇ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಸಂಕಲ್ಪಿಸಿದಳೆಂದು ಭಾವಿಸೋಣ. ಅದು ಅವಳಿಗೆ ಸಾಧ್ಯವೇ, ಸಾಧ್ಯವಾದರೆ ಅವಳಿಗೂ ಅವಳ ಶಾಲೆಯ ಮಕ್ಕಳಿಗೂ ಅದರಿಂದ ಒದಗುವ ಪ್ರಯೋಜನವೇನು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡಾಗ ಈ ಶಾಸ್ತ್ರದ ತಿರುಳು ಎಷ್ಟು ಸ್ಪಷ್ಟವಾಗಿ ಗೋಚರಿಸುವುದೋ ಅಷ್ಟು ಸ್ಪಷ್ಟವಾಗಿ, ವಿದ್ಯುತ್ತೂ ನೆಟ್‌ವರ್ಕೂ ಎಂದೂ ತಪ್ಪದ ಮಹಾನಗರದಲ್ಲಿ ಕುಳಿತು ಯೋಚಿಸುವವನಿಗೆ ಗೋಚರಿಸದೆಂಬುದು ನನ್ನ ದೃಢವಾದ ನಂಬಿಕೆ.

ಶೈಕ್ಷಣಿಕ ತಂತ್ರಜ್ಞಾನವೆಂದೊಡನೆ ಸಾಮಾನ್ಯ ಜನರ ಕಣ್ಣೆದುರಿಗೆ ಬರುವುದು ಕಂಪ್ಯೂಟರು, ಪ್ರೊಜೆಕ್ಟರು, ಸ್ಮಾರ್ಟ್ ಬೋರ್ಡು, ಇತ್ತೀಚೆಗೆ ಮೊಬೈಲಿನ ಆ್ಯಪು. ಯಂತ್ರಗಳ ಪರಿಚಯ ಈ ಶಾಸ್ತ್ರದ ಒಂದು ಭಾಗವೇ ಆಗಿದ್ದರೂ ಅದರ ಹೃದಯವಿರುವುದು ಬೇರೆಡೆಯಲ್ಲಿ. ಒಂದು ವಿಷಯವನ್ನು ಒಬ್ಬ ಮನುಷ್ಯನ ಬುದ್ಧಿಯು ಹೇಗೆ ಗ್ರಹಿಸುತ್ತದೆ, ಯಾವ ಕ್ರಮದಲ್ಲಿ ಇಟ್ಟರೆ ಸುಲಭವಾಗಿ ಗ್ರಹಿಸುತ್ತದೆ, ಗ್ರಹಿಸಿತೆಂಬುದನ್ನು ಬೋಧಕನು ತಿಳಿಯುವ ಬಗೆ ಯಾವುದು, ತಪ್ಪಿದ್ದರೆ ಎಲ್ಲಿಂದ ತಿದ್ದತಕ್ಕದ್ದು ಎಂಬಿವನ್ನು ಪರೀಕ್ಷಿಸಿ, ಆ ಪರೀಕ್ಷೆಯ ಫಲವನ್ನು ಪಾಠದ ರಚನೆಗೆ ಅನ್ವಯಿಸುವುದೇ ಈ ವಿದ್ಯೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಎಂದರೆ ಎಲ್ಲರೂ ಬಾಯಿತುಂಬ ಹೇಳುವ ಇಗ್ನೋ, ತನ್ನ ಶಿಕ್ಷಣಶಾಸ್ತ್ರದ ಎಂ.ಎ. ಪದವಿಯಲ್ಲಿ ಐಚ್ಛಿಕವಾಗಿ ಇಟ್ಟಿರುವ ಶೈಕ್ಷಣಿಕ ತಂತ್ರಜ್ಞಾನದ ಭಾಗವನ್ನು ನೋಡಿದರೆ ಈ ಮಾತು ಮನವರಿಕೆಯಾಗುತ್ತದೆ: ಶಾಸ್ತ್ರದ ಸ್ಥೂಲ ಪರಿಚಯ, ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ, ಕಂಪ್ಯೂಟರ್ ತಂತ್ರಜ್ಞಾನ ಎಂಬ ಪತ್ರಿಕೆಗಳೊಡನೆ ಪಾಠಸಾಮಗ್ರಿಯ ವಿನ್ಯಾಸಕ್ಕೇ ಮೀಸಲಾದ ಪತ್ರಿಕೆಯೊಂದು ಅಲ್ಲುಂಟು. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಯು ಅತ್ಯಂತ ಶ್ರದ್ಧೆಯಿಂದ ಓದಬೇಕಾದದ್ದು ಈ ಕೊನೆಯ ಪತ್ರಿಕೆ. ಕಂಪ್ಯೂಟರಿನ ಸಂಗತಿಗಳು ಐದು ವರ್ಷಕ್ಕೊಮ್ಮೆ ಹಳತಾಗುವುವು, ಪಾಠವನ್ನು ಕಟ್ಟುವ ವಿವೇಕಕ್ಕೆ ಅಷ್ಟು ಬೇಗ ಮುಪ್ಪಿಲ್ಲ.

ಯಂತ್ರದ ಮೇಲಣ ಅತಿಯಾದ ಭರವಸೆ ಹೊಸದೇನಲ್ಲ. ಚಲನಚಿತ್ರ ಯಂತ್ರವನ್ನು ಬೆಳೆಸಿದವರಲ್ಲಿ ಪ್ರಮುಖನಾದ ಥಾಮಸ್ ಎಡಿಸನ್, ಶಾಲೆಗಳಲ್ಲಿ ಪುಸ್ತಕದ ಕಾಲ ಬೇಗನೆ ಮುಗಿಯುವುದೆಂದು 1913ರಷ್ಟು ಹಿಂದೆಯೇ ಭವಿಷ್ಯ ನುಡಿದಿದ್ದನು. ತರುವಾಯ ರೇಡಿಯೋ ಬಂದಿತು, ಟೆಲಿವಿಷನ್ ಬಂದಿತು, ಬಿ. ಎಫ್. ಸ್ಕಿನ್ನರನ ಬೋಧನಾಯಂತ್ರ ಬಂದಿತು. ಪ್ರತಿಯೊಂದನ್ನೂ ಜನರು ಅದೇ ಉತ್ಸಾಹದಿಂದ ಬರಮಾಡಿಕೊಂಡರು, ಪುಸ್ತಕವು ಮಾತ್ರ ಮಕ್ಕಳ ಚೀಲದಲ್ಲಿ ಉಳಿದೇ ಉಳಿಯಿತು. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಎಂಬ ಅಮೆರಿಕದ ವಿದ್ವಾಂಸನು, ಅಲ್ಲಿಯವರೆಗೆ ನಡೆದ ಸಂಶೋಧನೆಗಳನ್ನೆಲ್ಲ ಜಾಲಿಸಿ ನೋಡಿ, ಮಾಧ್ಯಮವು ತಾನೇ ತಾನಾಗಿ ಕಲಿಕೆಯನ್ನು ಹೆಚ್ಚಿಸಲಾರದು, ಹೆಚ್ಚಿದೆಯೆಂದು ಕಂಡಲ್ಲೆಲ್ಲ ಅದರ ಹಿಂದಿರುವ ಬೋಧನಾಕ್ರಮವೇ ನಿಜವಾದ ಕಾರಣವೆಂದು ವಾದಿಸಿದನು. ಮಾಧ್ಯಮಕ್ಕೂ ಅದರದೇ ಆದ ಸಾಮರ್ಥ್ಯಗಳುಂಟೆಂದು ರಾಬರ್ಟ್ ಕೋಜ್ಮಾ ಪ್ರತಿವಾದ ಹೂಡಿದನು. ಈ ವಾದವು ಪೂರ್ಣವಾಗಿ ತೀರ್ಮಾನವಾಗದಿದ್ದರೂ, ಶೈಕ್ಷಣಿಕ ತಂತ್ರಜ್ಞಾನವನ್ನು ಓದುವ ಪ್ರತಿಯೊಬ್ಬರೂ ತಮ್ಮ ಮೊದಲ ವರ್ಷದಲ್ಲಿಯೇ ಇದನ್ನು ಎದುರಿಸುವುದು ಒಳ್ಳೆಯದು. ಶಾಲೆಗೆ ಟ್ಯಾಬ್ಲೆಟ್ಟುಗಳನ್ನು ಕೊಂಡುತಂದ ದಿನವೇ ಸಮಾರಂಭ ನಡೆಸಿ ಕೈತೊಳೆದುಕೊಳ್ಳುವ ನಮ್ಮ ಕಾಲದ ಪ್ರವೃತ್ತಿಗೆ ಇದಕ್ಕಿಂತ ಉತ್ತಮವಾದ ಔಷಧವನ್ನು ನಾನು ಕಾಣೆ.

ಸೂಕ್ಷ್ಮವಾದ ಸಂಗತಿಗಳೂ ಈ ಓದಿನಲ್ಲಿ ಬೇಕಾದಷ್ಟಿವೆ. ಪರದೆಯ ಮೇಲೆ ಚಿತ್ರವೊಂದನ್ನು ತೋರಿಸುತ್ತ ಬಾಯಿಂದ ವಿವರಿಸುವಾಗ ಅದೇ ವಿವರಣೆಯನ್ನು ಅಕ್ಷರಶಃ ಪರದೆಯ ಮೇಲೂ ಬರೆದು ತೋರಿಸಿದರೆ ಕಲಿಯುವವನಿಗೆ ಸಹಾಯವಾಗುವುದರ ಬದಲು ಭಾರವಾಗುವುದೆಂದು ರಿಚರ್ಡ್ ಮೇಯರನ ಪ್ರಯೋಗಗಳು ತೋರಿಸಿವೆ. ಭಾಷಣದ ವಾಕ್ಯಗಳನ್ನೆಲ್ಲ ಸ್ಲೈಡಿನ ಮೇಲೆ ತುಂಬಿ, ಅವನ್ನೇ ಸಭೆಗೆ ಓದಿ ಹೇಳುವ ಪದ್ಧತಿಯಲ್ಲಿ ಬೆಳೆದ ನಮಗೆ ಇದು ಮನನ ಮಾಡತಕ್ಕ ವಿಚಾರ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿದ್ದ ಭಾರತೀಯ ಮೂಲದ ಪುಣ್ಯ ಮಿಶ್ರ ಮತ್ತು ಅವರ ಸಹೋದ್ಯೋಗಿ ಮ್ಯಾಥ್ಯೂ ಕೋಲರ್ 2006ರಲ್ಲಿ ಪ್ರತಿಪಾದಿಸಿದ ಇನ್ನೊಂದು ತತ್ತ್ವವು, ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡಲ್ಲಿ ಮಾತ್ರ ಶಿಕ್ಷಕನ ಕೈಯಲ್ಲಿ ಯಂತ್ರವು ಸಾರ್ಥಕವಾಗುವುದೆಂದು ತಿಳಿಸುತ್ತದೆ.

ಹುಲಿಕಲ್ಲಿನ ವಿದ್ಯಾರ್ಥಿನಿಗೆ ಅತ್ಯಂತ ಹತ್ತಿರವಾದ ಸಿದ್ಧಾಂತವು ಮೈಕೆಲ್ ಮೂರ್ ಎಂಬಾತನದು. ದೂರಶಿಕ್ಷಣದಲ್ಲಿ ಎಣಿಕೆಗೆ ಬರುವ ದೂರವನ್ನು ಮೈಲಿಗಳಿಂದ ಅಳೆಯಲಾಗದೆಂದೂ, ಗುರುಶಿಷ್ಯರ ನಡುವೆ ಅರಿವು ಕೂಡದಿರುವ ಅಂತರವೇ ನಿಜವಾದ ದೂರವೆಂದೂ, ಸಂವಾದ ಹೆಚ್ಚಿದಂತೆಲ್ಲ ಆ ಅಂತರ ಕುಗ್ಗುವುದೆಂದೂ, ಪಾಠದ ಚೌಕಟ್ಟು ಬಿಗಿಯಾಗಿ ಸಂವಾದಕ್ಕೆ ಎಡೆಯಿಲ್ಲದಾದಾಗ ಅದು ಬೆಳೆಯುವುದೆಂದೂ ಅವನು ನಿರೂಪಿಸಿದನು. ಈ ಮಾತಿನ ಸತ್ಯ ನಮ್ಮ ಅನುಭವಕ್ಕೂ ಬಂದದ್ದೇ. ನೂರು ಮಂದಿ ತುಂಬಿದ ತರಗತಿಯಲ್ಲಿ, ಗುರುವಿಗೆ ಹತ್ತಡಿ ದೂರದಲ್ಲಿ ಕುಳಿತಿದ್ದೂ ಅವನ ಮಾತಿನಿಂದ ಯೋಜನಗಟ್ಟಲೆ ದೂರ ಉಳಿದ ಬಾಲಕರೆಷ್ಟಿಲ್ಲ! ಅಂಚೆಯಲ್ಲಿ ಬಂದ ಉತ್ತರಪತ್ರಿಕೆಯ ಅಂಚಿನಲ್ಲಿ ಅಧ್ಯಾಪಕರು ಕೆಂಪು ಶಾಯಿಯಿಂದ ಬರೆದ ಎರಡು ವಾಕ್ಯಗಳನ್ನು ಆಯುಷ್ಯವಿಡೀ ನೆನೆದವರೂ ಉಂಟು.

ಅಂಚೆಯ ಮಾತು ಬಂದುದರಿಂದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿಬಿಡುವುದು ಯುಕ್ತ. 1840ರಲ್ಲಿ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯ ಪಾಠಗಳನ್ನು ಅಂಚೆಯ ಮೂಲಕ ಕಲಿಸತೊಡಗಿದನು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ವಾತಂತ್ರ್ಯಪೂರ್ವದಲ್ಲಿಯೇ ತನ್ನ ವಿದ್ವಾಂಸರನ್ನು ಪ್ರಚಾರೋಪನ್ಯಾಸಕ್ಕಾಗಿ ಊರೂರಿಗೆ ಕಳುಹಿ, ಆ ಉಪನ್ಯಾಸಗಳನ್ನು ಕಿರುಹೊತ್ತಗೆಗಳಾಗಿ ಅಲ್ಪ ಬೆಲೆಗೆ ಹಂಚಿತು. ಅದೇ ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭವಾಗಿ, ಅದರ ಬುಡದಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿ ತಲೆಯೆತ್ತಿತು. ಇಗ್ನೋ ಸ್ಥಾಪನೆಯಾದದ್ದು 1985ರಲ್ಲಿ. ಆಕಾಶದ ಮಾರ್ಗವಾಗಿಯೂ ವಿದ್ಯೆ ಇಳಿದುಬಂದದ್ದುಂಟು. 1975ರ ಆಗಸ್ಟಿನಿಂದ ಒಂದು ವರ್ಷದ ಕಾಲ ಅಮೆರಿಕದಿಂದ ಎರವಲಾಗಿ ಪಡೆದ ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಬಿತ್ತರಿಸಿದ ಮಹಾಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳೂ ಸೇರಿದ್ದವು. ತಂತಿಬಲೆಯಿಂದ ಹೆಣೆದ ಕೊಡೆಯಾಕಾರದ ಆಂಟೆನಾಗಳು ಆ ಬಯಲುಸೀಮೆಯ ಊರುಗಳಲ್ಲಿ ನಿಂತು ಕನ್ನಡದ ಪಾಠಗಳನ್ನು ಗ್ರಹಿಸಿದವು. ವರ್ಷ ತುಂಬಿದ ಮೇಲೆ ಉಪಗ್ರಹವು ತನ್ನ ಒಡೆಯರ ಬಳಿಗೆ ಮರಳಿತು, ಊರಿನ ಪರದೆಗಳು ಮಂಕಾದವು. 2004ರ ಸೆಪ್ಟೆಂಬರಿನಲ್ಲಿ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕಾಗಿಯೇ ಮೀಸಲಾಗಿದ್ದ ಉಪಗ್ರಹ. ಅದರ ಆರಂಭದ ಪ್ರಯೋಗಭೂಮಿಗಳಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. 2017ರಲ್ಲಿ ಸ್ವಯಂ ಮತ್ತು ದೀಕ್ಷಾ ಎಂಬ ಎರಡು ಅಂತರ್ಜಾಲ ವೇದಿಕೆಗಳು ಆರಂಭವಾದವು.

ಮಲೆನಾಡಿಗೆ ಈ ಸಂಗತಿಗಳೆಲ್ಲ ಹೊರಗಿನಿಂದ ಬಂದವೆಂದು ಭಾವಿಸತಕ್ಕದ್ದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು ಕೆ. ವಿ. ಸುಬ್ಬಣ್ಣನವರ ದೃಷ್ಟಿಯಿಂದ ನಾಡಿನ ರಂಗಭೂಮಿಗೇ ಗುರುಪೀಠವಾದ ಕಥೆ ಸುಪ್ರಸಿದ್ಧ. ಅಷ್ಟೇ ಮುಖ್ಯವಾದ ಇನ್ನೊಂದು ಕಥೆ 1973ರಲ್ಲಿ ಅಲ್ಲಿ ಆರಂಭವಾದ ಚಿತ್ರಸಮಾಜದ್ದು. ಅಡಿಕೆ ಬೆಳೆಗಾರರೂ ಕೂಲಿಕಾರರೂ ಶಾಲಾಮಕ್ಕಳೂ ಒಂದೇ ಚಾಪೆಯ ಮೇಲೆ ಕುಳಿತು ಜಪಾನಿನ ಕುರೊಸಾವನ ಚಿತ್ರವನ್ನೂ ಸತ್ಯಜಿತ್ ರಾಯರ ಚಿತ್ರವನ್ನೂ ನೋಡಿದರೆಂಬುದು ಆ ಕಥೆಯ ಅರ್ಧಭಾಗ ಮಾತ್ರ. ಉಳಿದರ್ಧವೆಂದರೆ, ಪ್ರದರ್ಶನದ ಹಿಂದೆಮುಂದೆ ನಡೆದ ಕನ್ನಡದ ಮಾತುಕತೆ, ರಸಗ್ರಹಣ ಶಿಬಿರಗಳು, ಚಿತ್ರವನ್ನು ಹೇಗೆ ನೋಡತಕ್ಕದ್ದೆಂಬುದನ್ನು ಪ್ರೇಕ್ಷಕರು ತಮ್ಮತಮ್ಮಲ್ಲಿಯೇ ಚರ್ಚಿಸಿ ಕಂಡುಕೊಂಡ ಬಗೆ. ಪ್ರೊಜೆಕ್ಟರೆಂಬ ಯಂತ್ರವು ನಾಡಿನ ಪ್ರತಿಯೊಂದು ಪಟ್ಟಣದಲ್ಲಿಯೂ ಇತ್ತು. ಅದರ ಸುತ್ತ ಸಂವಾದವನ್ನು ಕಟ್ಟಿದ ಬುದ್ಧಿ ಹೆಗ್ಗೋಡಿನಲ್ಲಿತ್ತು. ಶೈಕ್ಷಣಿಕ ತಂತ್ರಜ್ಞಾನದ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಯಾರಾದರೂ ಬರೆಯುವುದಾದರೆ ಈ ಪ್ರಸಂಗಕ್ಕೆ ಒಂದು ಅಧ್ಯಾಯವನ್ನೇ ಕೊಡಬೇಕೆಂದು ನಾನು ಹೇಳುವೆನು.

ಕನ್ನಡ ನಾಡಿನೊಳಗಿನ ಎರಡನೆಯ ನಿದರ್ಶನ ನಲಿಕಲಿ ಎಂಬ ಬೋಧನಾಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ, ಋಷಿವ್ಯಾಲಿ ಶಾಲೆಯ ಮಾದರಿಯಿಂದ ಸ್ಫೂರ್ತಿ ಪಡೆದ ಸರಕಾರಿ ಶಿಕ್ಷಕರ ಪರಿಶ್ರಮದಿಂದ ಆರಂಭವಾಗಿ, ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ಹರಡಿದ ಈ ಕ್ರಮದಲ್ಲಿ, ಕಲಿಯಬೇಕಾದುದನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಚಿತ್ರಸಂಕೇತಗಳುಳ್ಳ ಕಾರ್ಡುಗಳಲ್ಲಿ ಇಟ್ಟು, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಏಣಿಯನ್ನೇರುವಂತೆ ಮಾಡಲಾಗಿದೆ. ಭಿನ್ನ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಒಬ್ಬರೇ ಶಿಕ್ಷಕರ ಮುಂದೆ ಕುಳಿತು ಕಲಿಯುವ ಹಳ್ಳಿಶಾಲೆಗೆ ಹೇಳಿಮಾಡಿಸಿದ ವಿನ್ಯಾಸವಿದು. ವಿದ್ಯುತ್ತಿನ ಒಂದು ಕಿಡಿಯೂ ಇದಕ್ಕೆ ಬೇಕಿಲ್ಲ. ಹುಲಿಕಲ್ ಸೀಮೆಯ ಶಿಕ್ಷಕಿಯು ಈ ಕಾರ್ಡುಗಳನ್ನು ದಿನವೂ ಕೈಯಲ್ಲಿ ಹಿಡಿದವಳಾದುದರಿಂದ, ಪಾಠವಿನ್ಯಾಸದ ಪತ್ರಿಕೆಯಲ್ಲಿ ಹೇಳುವ ತತ್ತ್ವಗಳನ್ನು ಹೆಸರರಿಯದೆಯೇ ಆಚರಿಸುತ್ತಿದ್ದವಳು, ಓದು ಆರಂಭಿಸಿದ ಮೇಲೆ ಅವುಗಳ ಕಾರಣವನ್ನು ಅರಿಯುವಳು. ದುಡಿಯುವ ಶಿಕ್ಷಕರಿಗೆ ಈ ವ್ಯಾಸಂಗದಿಂದ ಲಭಿಸುವ ಆನಂದಗಳಲ್ಲಿ ಇದೇ ಹಿರಿದು.

ಇನ್ನು ಕಷ್ಟಗಳ ವಿಚಾರ. 2020ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಕಾಲೇಜುಗಳು ಮುಚ್ಚಿ, ಪಾಠಗಳೆಲ್ಲ ಮೊಬೈಲಿಗೆ ಬಂದಾಗ, ಮಲೆನಾಡಿನ ವಿದ್ಯಾರ್ಥಿಗಳು ನೆಟ್‌ವರ್ಕನ್ನು ಅರಸಿ ಗುಡ್ಡದ ನೆತ್ತಿಗೆ ಹೋಗಿ, ತಾಡಪಾಲಿನ ಜೋಪಡಿ ಕಟ್ಟಿಕೊಂಡು, ಕೊಡೆ ಹಿಡಿದು ಕುಳಿತು ಪಾಠ ಕೇಳಿದ ದೃಶ್ಯ ನಾಡಿಗೆಲ್ಲ ತಿಳಿಯಿತು. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಮಲೆಸೀಮೆಯ ಜನರು ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಎಂದು ಘೋಷಿಸಿ, ಸಿಗ್ನಲ್ಲಿಲ್ಲದ ಊರಿನಲ್ಲಿ ಮತವನ್ನೂ ಕೇಳಬೇಡಿರೆಂದು ಅಭಿಯಾನ ಹೂಡಿದರು. ಈ ಕೊರತೆಗೆ ಭೂಮಿಯ ಸ್ವರೂಪವೇ ಒಂದು ಕಾರಣ. ಮೊಬೈಲಿನ ತರಂಗಗಳು ಗುಡ್ಡವನ್ನು ಭೇದಿಸಲಾರವು, ದಟ್ಟ ಕಾಡಿನಲ್ಲಿ ಕ್ಷೀಣಿಸುವುವು; ಬಯಲುನಾಡಿನಲ್ಲಿ ಹತ್ತಾರು ಊರುಗಳನ್ನು ತಲುಪುವ ಒಂದು ಟವರು ಇಲ್ಲಿ ಒಂದು ಕಣಿವೆಗೆ ಸಾಲುವುದು ಪ್ರಯಾಸ. ಒಂದು ಟವರಿನಿಂದ ಇನ್ನೊಂದಕ್ಕೆ ಸೂಕ್ಷ್ಮತರಂಗಗಳ ಮೂಲಕ ಸಂಪರ್ಕವಿದ್ದಲ್ಲಿ ಜಡಿಮಳೆಯ ಹನಿಗಳೇ ಆ ತರಂಗಗಳನ್ನು ಹೀರಿ ದುರ್ಬಲಗೊಳಿಸುವುವು. ಮರಬಿದ್ದು ವಿದ್ಯುತ್ತು ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಗುವುದು. ಮನೆಗಳು ಒಂದೊಂದು ತೋಟಕ್ಕೆ ಒಂದರಂತೆ ಚದರಿರುವುದರಿಂದ ಲಾಭದ ಲೆಕ್ಕ ಹಾಕುವವರಿಗೆ ಈ ಸೀಮೆ ಆಕರ್ಷಕವಾಗಿ ಕಾಣದು. ಆದರೆ ಇದೇ ಸೀಮೆಯಲ್ಲಿ ವಾರಾಹಿ ನದಿಯ ನೀರನ್ನು ಮಾಣಿಯ ಬಳಿ ತಡೆದು, ಘಟ್ಟದ ಕೆಳಗೆ ಹೊಸಂಗಡಿಯ ಭೂಗರ್ಭದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ಸ್ಥಾಪಿಸಲು ನಾಡಿಗೆ ಸಾಧ್ಯವಾಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಜಲಾಶಯಕ್ಕಾಗಿ ಶರಾವತಿ ಕಣಿವೆಯ ಕುಟುಂಬಗಳು ಮನೆಮಾರುಗಳನ್ನು ತ್ಯಜಿಸಿದವು. ನಾಡಿಗೆ ಬೆಳಕನ್ನಿತ್ತ ಈ ಜನರ ಮಕ್ಕಳಿಗೆ ಪಾಠ ಕೇಳಲು ಸಾಲುವಷ್ಟು ಸಿಗ್ನಲ್ ಒದಗಿಸುವುದು ಉಪಕಾರವಲ್ಲ, ಋಣಸಂದಾಯ.

ಆದರೆ ಟವರು ಬರುವವರೆಗೆ ಓದನ್ನು ಮುಂದೂಡಬೇಕೆ? ಇಲ್ಲಿಯೇ ಶಾಸ್ತ್ರವು ನೆರವಿಗೆ ಬರುವುದು. ಅಂತರ್ಜಾಲದ ಪಾಠಗಳಲ್ಲಿ ಎರಡು ಬಗೆ: ಗುರುಶಿಷ್ಯರು ಒಂದೇ ಗಳಿಗೆಯಲ್ಲಿ ಪರದೆಯ ಎದುರು ಸೇರುವ ನೇರಪಾಠ ಒಂದು; ಓದು, ಧ್ವನಿ, ಪ್ರಶ್ನೆ, ಉತ್ತರಗಳನ್ನು ಅವರವರ ಅನುಕೂಲದ ಹೊತ್ತಿನಲ್ಲಿ ನಡೆಸುವ ಬಿಡುಗಾಲದ ಪಾಠ ಇನ್ನೊಂದು. ಸ್ವಯಂ ವೇದಿಕೆಯ ಪಾಠಗಳನ್ನು ವಿಡಿಯೊ, ಲಿಖಿತ ಸಾಮಗ್ರಿ, ಚರ್ಚೆ, ಸ್ವಯಂಪರೀಕ್ಷೆ ಎಂಬ ನಾಲ್ಕು ಅಂಗಗಳಲ್ಲಿ ರಚಿಸಿರುವುದನ್ನು ಗಮನಿಸಿದರೆ, ಈ ನಾಲ್ಕರಲ್ಲಿ ವಿಡಿಯೊ ಒಂದಕ್ಕೇ ಬಲವಾದ ಸಂಪರ್ಕ ಬೇಕೆಂಬುದೂ, ಉಳಿದ ಮೂರಕ್ಕೆ ಕ್ಷೀಣವಾದ ಸಿಗ್ನಲ್ಲೂ ಸಾಕೆಂಬುದೂ ಹೊಳೆಯುತ್ತದೆ. ಮಳೆಗಾಲಕ್ಕೆ ಮುನ್ನ ಸೌದೆಯನ್ನು ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟುವ ಮಲೆನಾಡಿನ ಗೃಹಿಣಿಯಂತೆ, ನಮ್ಮ ವಿದ್ಯಾರ್ಥಿನಿಯು ತೀರ್ಥಹಳ್ಳಿಗೋ ಹೊಸನಗರಕ್ಕೋ ಹೋದ ದಿನ ಆ ತಿಂಗಳ ಪಾಠಗಳನ್ನೆಲ್ಲ ಮೊಬೈಲಿಗೆ ಇಳಿಸಿಕೊಳ್ಳುವಳು; ಕರೆಂಟಿಲ್ಲದ ರಾತ್ರಿ ಅವನ್ನು ಓದಿ, ಉತ್ತರವನ್ನು ಬರೆದಿಟ್ಟು, ಸಿಗ್ನಲ್ ದೊರೆತ ಮುಂಜಾನೆ ಕಳುಹಿಸುವಳು. ಇದನ್ನು ಅವಳೊಬ್ಬಳ ಸಾಹಸವನ್ನಾಗಿ ಬಿಡದೆ, ಪಾಠವನ್ನು ರಚಿಸುವಾಗಲೇ ಹೀಗೆ ಓದಲು ಅನುವಾಗುವಂತೆ ರಚಿಸುವುದು ವಿಶ್ವವಿದ್ಯಾನಿಲಯದ ಕರ್ತವ್ಯ. ಆಷಾಢದ ಹುಲಿಕಲ್ಲಿನಲ್ಲಿ ನಡೆಯದ ಆನ್‌ಲೈನ್ ಪಾಠವು ಇನ್ನೂ ಅಪೂರ್ಣವಾದ ಪಾಠವೆಂದೇ ನಾನು ಎಣಿಸುವೆನು. ಅದರ ವಿನ್ಯಾಸಕನು ಕಲಿಯುವವರ ಪರಿಸ್ಥಿತಿಯನ್ನು ಅರಿಯಬೇಕೆಂಬ ತನ್ನ ಶಾಸ್ತ್ರದ ಮೊದಲ ನಿಯಮವನ್ನೇ ಮರೆತವನು.

ಕಾಲದ ಲೆಕ್ಕವನ್ನೂ ಮೊದಲೇ ತಿಳಿದಿರುವುದು ಲೇಸು. ಇಗ್ನೋದ ಕ್ರಮದಲ್ಲಿ ಒಂದು ಕ್ರೆಡಿಟ್ ಎಂದರೆ ಮೂವತ್ತು ಗಂಟೆಗಳ ಅಧ್ಯಯನ. ಪದವಿಯ ಒಟ್ಟು ಕ್ರೆಡಿಟ್ಟುಗಳನ್ನು ಇದರಿಂದ ಗುಣಿಸಿ ಪ್ರವೇಶಕ್ಕೆ ಮೊದಲೇ ನೋಡದವರು ಅಸೈನ್‌ಮೆಂಟುಗಳ ಕಡೆಯ ದಿನಾಂಕ ಸಮೀಪಿಸಿದಾಗ ಧೃತಿಗೆಡುವರು. ದೂರಶಿಕ್ಷಣದಲ್ಲಿ ಓದನ್ನು ನಡುವೆ ಕೈಬಿಡುವವರು ಬಹಳ. ಬುದ್ಧಿಯ ಕೊರತೆಗಿಂತ ಏಕಾಂಗಿತನವೇ ಇದಕ್ಕೆ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು 2000ದಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಚಿಂತನೆಯ ಸಾನ್ನಿಧ್ಯ, ಬೋಧಕರ ಸಾನ್ನಿಧ್ಯಗಳೊಡನೆ ಸಹಪಾಠಿಗಳ ಸಾನ್ನಿಧ್ಯಕ್ಕೂ ಸಮಾನವಾದ ಸ್ಥಾನವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇದೇ ಪದವಿಯನ್ನು ಓದುವ ಮೂವರು ನಾಲ್ವರು ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ಕಾಫಿ ಕುಡಿಯುತ್ತ ಒಂದು ಅಧ್ಯಾಯವನ್ನು ಚರ್ಚಿಸಿದರೆ, ಆ ಸಾನ್ನಿಧ್ಯವು ಯಾವ ಯಂತ್ರವೂ ಕೊಡಲಾರದಷ್ಟು ದಟ್ಟವಾಗಿ ಒದಗುವುದು.

ಭಾಷೆಯ ತೊಡಕು ಇನ್ನೊಂದು. ಇಗ್ನೋದ ಈ ಪದವಿಯ ಸಾಮಗ್ರಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ದೊರೆಯುವುದು, ಕನ್ನಡದಲ್ಲಿಲ್ಲ. ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಸಬೇಕೆಂದು ಜೀವಮಾನವಿಡೀ ಹೋರಾಡಿದ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಕುವೆಂಪು ಅವರ ಕುಪ್ಪಳಿ ಇದೇ ಮಲೆಸೀಮೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವುದನ್ನು ನೆನೆದರೆ ಈ ಕೊರತೆ ಇನ್ನಷ್ಟು ಬಾಧಿಸುತ್ತದೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಸಹಯೋಗದಿಂದ ಸರಕಾರಿ ಶಿಕ್ಷಕರು ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಸಂಗ್ರಹವು ಶಾಲಾಪಾಠಗಳ ಮಟ್ಟಿಗೆ ಈ ಬರವನ್ನು ಕೊಂಚ ನೀಗಿಸಿದೆ. ಅದರಲ್ಲಿರುವುದನ್ನು ಯಾವ ಶಿಕ್ಷಕರಾದರೂ ತಮ್ಮ ತರಗತಿಗೆ ತಕ್ಕಂತೆ ತಿದ್ದಿ ಬಳಸಬಹುದು. ಸ್ನಾತಕೋತ್ತರ ಮಟ್ಟದಲ್ಲಿ ಅಂತಹ ಕೆಲಸ ಇನ್ನೂ ಆಗಬೇಕಾಗಿದೆ, ಅದನ್ನು ಮಾಡಬಲ್ಲವರು ಈಗ ಓದುತ್ತಿರುವವರೇ.

ವ್ಯವಹಾರದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2020ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಿಗೆ ನಿಯಮಾವಳಿಯನ್ನು ಹೊರಡಿಸಿ, ಮಾನ್ಯತೆಯುಳ್ಳ ಸಂಸ್ಥೆಗಳ ಇಂತಹ ಪದವಿಗಳು ರೂಢಿಯ ಪದವಿಗಳಿಗೆ ಸಮಾನವೆಂದು 2022ರಲ್ಲಿ ಪುನಃ ಸ್ಪಷ್ಟಪಡಿಸಿದೆ. ಮಾನ್ಯತೆಯೆಂಬುದು ಸಂಸ್ಥೆಗೂ ಪದವಿಗೂ ವರ್ಷಕ್ಕೂ ಪ್ರತ್ಯೇಕವಾಗಿ ಅನ್ವಯಿಸುವುದರಿಂದ, ತಾನು ಸೇರುವ ವರ್ಷದ ಪಟ್ಟಿಯಲ್ಲಿ ತನ್ನ ಪದವಿಯ ಹೆಸರಿದೆಯೇ ಎಂದು ಕಣ್ಣಾರೆ ನೋಡಿಯೇ ಹಣ ಕಟ್ಟತಕ್ಕದ್ದು. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯೇ 2013–14ರಿಂದ ಕೆಲವು ವರ್ಷ ತಪ್ಪಿಹೋಗಿ 2018ರಲ್ಲಿ ಮರಳಿತೆಂಬುದನ್ನೂ, ನಡುವೆ ವಿದ್ಯಾರ್ಥಿಗಳು ಅನುಭವಿಸಿದ ಆತಂಕವನ್ನೂ ಬಲ್ಲವರಿಗೆ ಈ ಮಾತು ಅಧಿಕವೆನಿಸದು.

ಪದವಿಯ ಕೊನೆಯಲ್ಲಿ ಬರುವ ಪ್ರಾಯೋಗಿಕ ಪ್ರಬಂಧಕ್ಕಾಗಿ ನಮ್ಮ ಶಿಕ್ಷಕಿಯು ವಿಷಯವನ್ನು ಅರಸಿ ಎಲ್ಲಿಗೂ ಹೋಗಬೇಕಾಗಿಲ್ಲ. ಮಳೆಯ ರಜೆಗಳಿಂದ ತಪ್ಪಿಹೋದ ದಿನಗಳ ಪಾಠವನ್ನು ಮಕ್ಕಳು ಮನೆಯಲ್ಲಿಯೇ ನಲಿಕಲಿಯ ಕಾರ್ಡುಗಳಿಂದಲೂ ತಾಯಂದಿರ ಮೊಬೈಲಿಗೆ ಕಳುಹಿದ ಎರಡು ನಿಮಿಷದ ಧ್ವನಿಪಾಠಗಳಿಂದಲೂ ಕಲಿಯಬಲ್ಲರೇ, ಅಕ್ಷರ ಬಾರದ ಅಜ್ಜಿಯೂ ಆ ಪಾಠದಲ್ಲಿ ಪಾಲುಗೊಳ್ಳುವಂತೆ ಅದನ್ನು ರಚಿಸುವುದು ಹೇಗೆ, ಹೀಗೆ ಕಲಿತ ಮಕ್ಕಳು ಸೆಪ್ಟೆಂಬರಿನಲ್ಲಿ ತರಗತಿಗೆ ಮರಳಿದಾಗ ಯಾವ ಮೆಟ್ಟಿಲಿನಲ್ಲಿರುವರು ಎಂಬ ಪ್ರಶ್ನೆಗಳು ಹುಲಿಕಲ್ಲಿನಲ್ಲಿಯೂ ಆ ಸೀಮೆಯ ಮಾಸ್ತಿಕಟ್ಟೆ, ನಗರ, ಯಡೂರು ಎಂಬ ಊರುಗಳಲ್ಲಿಯೂ ಉತ್ತರಕ್ಕಾಗಿ ಕಾದಿವೆ. ಒಂದು ಮಳೆಗಾಲದಲ್ಲಿ ಪ್ರಯೋಗವನ್ನು ಮಾಡಿ, ಇನ್ನೊಂದು ಮಳೆಗಾಲದಲ್ಲಿ ಅದನ್ನು ತಿದ್ದಿ ಮತ್ತೆ ಮಾಡಿ, ಕಂಡುದನ್ನು ಕನ್ನಡದಲ್ಲಿ ಬರೆದು ಅವಳು ಪ್ರಕಟಿಸಿದರೆ, ಅದನ್ನು ಓದಬೇಕಾದವರು ಮೈಸೂರಿನಲ್ಲಿಯೂ ದೆಹಲಿಯಲ್ಲಿಯೂ ಪಾಠಗಳನ್ನು ರಚಿಸುತ್ತ ಕುಳಿತಿದ್ದಾರೆ.